ಪುಸ್ತಕ ಸಂಗ್ರಹ: ಬೇಟೆಯ ಕಾದಂಬರಿಗಳೂ ಅವುಗಳ ಚಿತ್ರಗಳೂ

ಹಲವು ವರ್ಷಗಳ ಹಿಂದೆ ನಡುಮನೆಗೆ ಅಲಂಕಾರವಾಗಲೆಂದು ಬಣ್ಣದ ಚಿತ್ರಪಟವೊಂದನ್ನು ಕೊಂಡು ತಂದಿದ್ದೆನು. ಕೆಂಪಂಗಿ ತೊಟ್ಟ ಸ್ಥೂಲಕಾಯನೊಬ್ಬನು ಬೇಲಿ ಹಾರುವ ಕುದುರೆಯ ಮೇಲಿಂದ ಜಾರಿ ಬೀಳುತ್ತಿರುವ, ಇಂಗ್ಲೆಂಡಿನ ನರಿಬೇಟೆಯ ನೋಟವದು. ಅದನ್ನು ಕಂಡು ಮಕ್ಕಳು ನಗುತ್ತಿದ್ದರು, “ಬಿದ್ದವನು ಯಾರಪ್ಪಾ?” ಎಂದು ಕೇಳುತ್ತಿದ್ದರು. ನನಗೆ ತಿಳಿದಿರಲಿಲ್ಲ. ಒಂದು ದಿನ ಪಟದ ಗಾಜು ಒಡೆಯಿತು. ಬಿಚ್ಚಿ ನೋಡಲಾಗಿ, ಕಟ್ಟಿನೊಳಗೆ ಅಡಗಿದ್ದ ಎಡದಂಚಿನಲ್ಲಿ ದಬ್ಬಣ ಚುಚ್ಚಿದ ಮೂರು ರಂಧ್ರಗಳು ಕಂಡವು. ಅದು ಯಾವುದೋ ಪುಸ್ತಕದಿಂದ ಕಿತ್ತ ಹಾಳೆಯೆಂಬುದು ಆಗ ಅರಿವಾಯಿತು. ಅಂತಹ ಪುಸ್ತಕಗಳ ವಿಚಾರವಾಗಿ ಈ ತಿಂಗಳು ಕೆಲವು ಮಾತುಗಳನ್ನು ಬರೆಯುವೆನು.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಬೇಟೆಯನ್ನೇ ವಸ್ತುವಾಗಿಟ್ಟುಕೊಂಡು ಹಾಸ್ಯ ಕಾದಂಬರಿಗಳನ್ನು ಬರೆದವರಲ್ಲಿ ರಾಬರ್ಟ್ ಸ್ಮಿತ್ ಸರ್ಟೀಸ್ (1805–1864) ಅಗ್ರಗಣ್ಯನು. ಲಂಡನ್ನಿನ ದಿನಸಿ ವ್ಯಾಪಾರಿಯಾಗಿದ್ದೂ ನರಿಬೇಟೆಯ ಹುಚ್ಚು ಹತ್ತಿಸಿಕೊಂಡ ಜಾರಕ್ಸ್ ಎಂಬವನು ಇವನ ಸೃಷ್ಟಿ. ಸರ್ಟೀಸನು ಕಾದಂಬರಿಗಳ ಮೇಲೆ ತನ್ನ ಹೆಸರನ್ನು ಹಾಕಿಸಿಕೊಳ್ಳಲಿಲ್ಲ. ಆದುದರಿಂದ ಮುಖಪತ್ರದಲ್ಲಿ ಗ್ರಂಥಕರ್ತನ ಹೆಸರನ್ನು ಹುಡುಕುವವನು, ಪುಸ್ತಕವು ಕೈಗೆ ಬಂದರೂ ಗುರುತಿಸಲಾರನು.

ಸಂಗ್ರಾಹಕನು ಅರಿತಿರಬೇಕಾದ ಇನ್ನೊಂದು ಸಂಗತಿಯುಂಟು. ‘ಹ್ಯಾಂಡ್ಲಿ ಕ್ರಾಸ್’ ಎಂಬ ಕಾದಂಬರಿಯು 1843ರಲ್ಲಿ ಮೂರು ಸಂಪುಟಗಳಾಗಿ ಮೊದಲು ಹೊರಬಂದಾಗ ಅದರಲ್ಲಿ ಚಿತ್ರಗಳೇ ಇರಲಿಲ್ಲ. ಅದನ್ನು ಬೆಳೆಯಿಸಿ, ಜಾನ್ ಲೀಚನ ಚಿತ್ರಗಳೊಡನೆ 1853–54ರಲ್ಲಿ 17 ಕಂತುಗಳಾಗಿ ಹೊರಡಿಸಿದರು. 1854ರಲ್ಲಿ ಅದೇ ಪುಸ್ತಕವಾಯಿತು. ಚಿತ್ರಕ್ಕಾಗಿ ಸಂಗ್ರಹಿಸುವವನು ಅರಸತಕ್ಕದ್ದು ಇದನ್ನೇ. ಉಕ್ಕಿನ ತಗಡಿನ ಮೇಲೆ ಮೂಡಿಸಿ ಅಚ್ಚೊತ್ತಿದ ಚಿತ್ರಗಳಿಗೆ ಕೈಯಿಂದಲೇ ಬಣ್ಣ ಹಾಕುತ್ತಿದ್ದರು. ಹೀಗಾಗಿ ಒಂದು ಪ್ರತಿಯ ಕೆಂಪು ಇನ್ನೊಂದರ ಕೆಂಪಿಗೆ ಸರಿಹೋಗದು. ಕಂತಿನ ಹಾಳೆಗಳನ್ನು ಅಂಚಿನಲ್ಲಿ ಚುಚ್ಚಿ ದಾರದಿಂದ ಹೊಲಿಯುತ್ತಿದ್ದರು; ನನ್ನ ಪಟದ ರಂಧ್ರಗಳ ಗುಟ್ಟು ಇದೇ.

ಮೋಸ ಹೋಗುವುದು ಸುಲಭ. ಅದೇ ತಗಡುಗಳಿಂದ ಮುಂದೆಯೂ ಮುದ್ರಣಗಳು ಹೊರಟವು. ನೋಟಕ್ಕೆ ಅವು ಮೊದಲಿನವುಗಳಂತೆಯೇ ಇರುವುವು. ಮುಖಪತ್ರದ ಅಡಿಯನ್ನು ನೋಡಬೇಕು. ‘ಬ್ರಾಡ್ಬರಿ ಅಂಡ್ ಇವಾನ್ಸ್’ ಎಂಬ ಹೆಸರೂ ಇಸವಿಯೂ ಇದ್ದರೆ ಮೊದಲಿನದೆಂದು ನಂಬಲು ಆಧಾರವುಂಟು. ‘ಬ್ರಾಡ್ಬರಿ, ಆಗ್ನ್ಯೂ’ ಎಂದಿದ್ದರೆ ಅದು ತರುವಾಯದ್ದು. ಆಮೇಲೆ ಚಿತ್ರಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದೊಂದನ್ನೂ ಎಣಿಸಬೇಕು.

ಎಣಿಸುವುದೇಕೆಂದರೆ, ಕಟ್ಟು ಸಡಿಲಿದ ಪುಸ್ತಕವನ್ನು ಇಡಿಯಾಗಿ ಮಾರುವುದಕ್ಕಿಂತ ಚಿತ್ರಗಳನ್ನು ಕಿತ್ತು ಬಿಡಿಬಿಡಿಯಾಗಿ ಮಾರಿದರೆ ಹೆಚ್ಚು ಹಣ ಹುಟ್ಟುವುದುಂಟು. ವ್ಯಾಪಾರಿಯೊಬ್ಬನನ್ನೇ ದೂರಿ ಫಲವಿಲ್ಲ. ಬಿಡಿ ಹಾಳೆಯನ್ನು ಕೊಂಡ ನಾನೂ ಆ ತಪ್ಪಿಗೆ ಭಾಗಿಯೇ ಸರಿ.

ಹೀಗೆ ಕೀಳುವುದರಿಂದ ಆಗುವ ನಷ್ಟಕ್ಕೆ ‘ಮಿಸ್ಟರ್ ಫೇಸಿ ರಾಮ್ಫರ್ಡ್ಸ್ ಹೌಂಡ್ಸ್’ ಎಂಬುದೊಂದೇ ನಿದರ್ಶನ ಸಾಕು. ಸರ್ಟೀಸನು 1864ರ ಮಾರ್ಚಿಯಲ್ಲಿ ತೀರಿಕೊಂಡನು. ಚಿತ್ರಗಳನ್ನು ಬರೆಯುತ್ತಿದ್ದ ಲೀಚನೂ ಅದೇ ವರ್ಷದ ಅಕ್ಟೋಬರಿನಲ್ಲಿ ಗತಿಸಿದನು. ಉಳಿದ ಕೆಲಸವನ್ನು ‘ಫಿಜ್’ ಎಂದು ಹೆಸರಾಗಿದ್ದ ಹಾಬ್ಲೋ ಬ್ರೌನನು ಮುಗಿಸಿಕೊಟ್ಟನು. 1865ರಲ್ಲಿ ಪುಸ್ತಕವಾಗಿ ಬಂದ ಅದರ 24 ಬಣ್ಣದ ಚಿತ್ರಗಳಲ್ಲಿ 14 ಲೀಚನವು, 10 ಬ್ರೌನನವು. ಇಡಿಯ ಪ್ರತಿಯನ್ನು ಮಗುಚುತ್ತ ಹೋದರೆ ಒಬ್ಬನ ಕೈ ನಿಂತು ಇನ್ನೊಬ್ಬನ ಕೈ ತೊಡಗಿದುದು ಕಣ್ಣಿಗೇ ಕಾಣುವುದು. ಬಿಡಿ ಹಾಳೆಗಳು ಇಪ್ಪತ್ತನಾಲ್ಕು ಗೋಡೆಗಳ ಪಾಲಾದರೆ ಆ ಸಂಗತಿಯನ್ನು ಹೇಳುವುದಕ್ಕೆ ಏನು ಉಳಿಯಿತು?

ಆದುದರಿಂದ ಈ ಹವ್ಯಾಸಕ್ಕೆ ಕೈಹಾಕುವ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಮೊದಲ ಮುದ್ರಣವು ದೊರೆಯದಿದ್ದರೆ ಚಿಂತೆಯಿಲ್ಲ, ತರುವಾಯದ್ದನ್ನಾದರೂ ಕೊಳ್ಳಿರಿ, ರಟ್ಟು ಹರಿದಿದ್ದರೂ ಆಗಬಹುದು, ಬಿಡಿ ಹಾಳೆಯನ್ನು ಮಾತ್ರ ಕೊಳ್ಳಬೇಡಿರಿ.

ನನ್ನ ಪಟಕ್ಕೆ ಹೊಸ ಗಾಜು ಹಾಕಿಸಲಿಲ್ಲ. ಹಾಳೆಯನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿರಿಸಿದ್ದೇನೆ. ಬಿದ್ದವನು ಯಾರೆಂಬ ಮಕ್ಕಳ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಅದು ಆ ಚಿತ್ರದ ಎದುರು ಪುಟದಲ್ಲಿ ಅಚ್ಚಾಗಿದ್ದಿರಬೇಕು.