ಸೆಲ್ ಲೈಬ್ರರಿಯ ವಿಳಾಸ ಕಾರ್ಯಾದೇಶದಲ್ಲಿಯೇ ಇರಲಿ

ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು 1985ರಲ್ಲಿ ಬೆಂಗಳೂರಿನಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆದಂದಿನಿಂದ ಚಿಪ್ ವಿನ್ಯಾಸವು ಕರ್ನಾಟಕಕ್ಕೆ ಅಪರಿಚಿತ ಉದ್ಯಮವಾಗಿ ಉಳಿದಿಲ್ಲ. ಮೈಸೂರು ಭಾಗವು ಎಲೆಕ್ಟ್ರಾನಿಕ್ಸ್ ತಯಾರಿಕೆಯಲ್ಲಿ ತನ್ನದೇ ಆದ ಹೆಸರು ಮಾಡಿದೆ. ನಗರದ ಕೇನ್ಸ್ ಸಂಸ್ಥೆ ಹಾಗೂ ನಂಜನಗೂಡಿನ ಎಟಿ ಅಂಡ್ ಎಸ್ ಕಾರ್ಖಾನೆ ಇದಕ್ಕೆ ನಿದರ್ಶನ. 2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಸೆಮಿಕಂಡಕ್ಟರ್ ಉದ್ಯಮಕ್ಕೆ 76,000 ಕೋಟಿ ರೂಪಾಯಿಗಳ ಯೋಜನೆಯನ್ನು ಅನುಮೋದಿಸಿದ ಬಳಿಕ, ದೊಡ್ಡ ಸಂಸ್ಥೆಗಳಿಂದ ಚಿಪ್‌ನ ಒಂದೊಂದು ಭಾಗವನ್ನು ಗುತ್ತಿಗೆ ಪಡೆದು ವಿನ್ಯಾಸ ಮಾಡಿಕೊಡುವ ಸಣ್ಣ ಘಟಕಗಳ ಆಸೆಯೂ ಸಹಜವಾಗಿ ಚಿಗುರಿದೆ. ಇಂತಹ ಘಟಕಗಳು ದರ, ಅವಧಿ, ಗೋಪ್ಯತೆಗಳ ಬಗ್ಗೆ ಕರಾರಿನಲ್ಲಿ ಸಾಕಷ್ಟು ಬರೆಸಿಕೊಳ್ಳುತ್ತವೆ. ಆದರೆ ತಮ್ಮ ನಕ್ಷೆಯೊಳಗಿನ ಸೆಲ್‌ಗಳು ಯಾವ ಲೈಬ್ರರಿಯಿಂದ ಬರತಕ್ಕವು ಎಂಬುದನ್ನು ಮಾತ್ರ ತಂತ್ರಾಂಶದ ಮರ್ಜಿಗೆ ಬಿಡುತ್ತವೆ. ಇದು ಬದಲಾಗಬೇಕೆಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ವಿಷಯದ ಪರಿಚಯವಿಲ್ಲದ ಸದಸ್ಯರಿಗಾಗಿ ಎರಡು ಮಾತು. ಚಿಪ್‌ನ ನಕ್ಷೆಯನ್ನು ಯಾರೂ ಟ್ರಾನ್ಸಿಸ್ಟರ್ ಟ್ರಾನ್ಸಿಸ್ಟರ್ ಆಗಿ ಬರೆಯುವುದಿಲ್ಲ. ಸಿದ್ಧಪಡಿಸಿದ ಸಣ್ಣ ಮಂಡಲಗಳನ್ನು, ಅಂದರೆ ಸೆಲ್‌ಗಳನ್ನು, ಲೈಬ್ರರಿಯಿಂದ ಕರೆದು ಕೂರಿಸುತ್ತಾರೆ. ಅವುಗಳಿಂದ ದೊಡ್ಡ ಘಟಕ, ಆ ಘಟಕಗಳಿಂದ ಮತ್ತೂ ದೊಡ್ಡದು, ಹೀಗೆ ಶ್ರೇಣಿ ಬೆಳೆಯುತ್ತದೆ. ಕರೆಯುವಾಗ ಬಹುಪಾಲು ಬಳಸುವುದು ಹೆಸರನ್ನು. ಆದರೆ ಬರಿಯ ಹೆಸರಿನ ಕಷ್ಟ ನಮ್ಮ ಸರಗೂರು ಕಡೆಯವರಿಗೆ ಹೇಳಿಕೊಡಬೇಕಾದದ್ದಲ್ಲ. ಹೊಸಹಳ್ಳಿ ಎಂದಷ್ಟೇ ಬರೆದ ಕಾಗದ ಯಾವ ಹೊಸಹಳ್ಳಿಗೆ ಹೋಗಬೇಕು? ತಾಲ್ಲೂಕು, ಅಂಚೆ ಎರಡನ್ನೂ ಬರೆಯಬೇಕು. ಸರಗೂರೇ ಎಚ್.ಡಿ. ಕೋಟೆಯಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾದ ಮೇಲೆ, ಊರು ಇದ್ದಲ್ಲೇ ಇದ್ದರೂ ಅದರ ವಿಳಾಸ ಬದಲಾಯಿತು. ಸೆಲ್‌ಗೂ ಈ ಎರಡು ಬಗೆಯ ತೊಡಕು ಉಂಟು: ಒಂದೇ ಹೆಸರಿನ ಎರಡು ಸೆಲ್‌ಗಳಿರಬಹುದು, ಒಂದೇ ಸೆಲ್ ಇರುವ ಜಾಗ ಬದಲಾಗಿರಬಹುದು.

ತಂತ್ರಾಂಶಗಳು ಇದನ್ನು ಬಗೆಹರಿಸುವ ರೀತಿ ಏಕರೂಪವಲ್ಲ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಹುಟ್ಟಿ ಇಂದಿಗೂ ಉಚಿತವಾಗಿ ದೊರೆಯುವ ಮ್ಯಾಜಿಕ್ ತಂತ್ರಾಂಶವು ಮೊದಲಿಂದಲೂ ಕಡತಕೋಶಗಳ ಒಂದು ಪಟ್ಟಿಯನ್ನು ಕ್ರಮವಾಗಿ ಹುಡುಕಿ, ಆ ಹೆಸರಿನ ಸೆಲ್ ಮೊದಲು ಎಲ್ಲಿ ಸಿಕ್ಕಿತೋ ಅದನ್ನೇ ತೆಗೆದುಕೊಳ್ಳುವ ಪದ್ಧತಿಯದು. ಇತ್ತೀಚಿನ ಆವೃತ್ತಿಗಳು ಸೆಲ್‌ನ ದಾರಿಯನ್ನೂ ನಕ್ಷೆಯಲ್ಲಿ ಬರೆದಿಡುತ್ತವೆ. ಕೇಡೆನ್ಸ್ ಸಂಸ್ಥೆಯ ವಿನ್ಯಾಸ ತಂತ್ರಾಂಶದಲ್ಲಿ ಪ್ರತಿ ಉಲ್ಲೇಖವೂ ಲೈಬ್ರರಿ, ಸೆಲ್, ನೋಟ ಎಂಬ ಮೂರು ಹೆಸರುಗಳನ್ನು ಹೊತ್ತಿರುತ್ತದೆ. ಮೇಲ್ನೋಟಕ್ಕೆ ಇದು ಭದ್ರ. ಆದರೆ ಲೈಬ್ರರಿಯ ಹೆಸರಿಗೆ ಡಿಸ್ಕಿನ ಯಾವ ಜಾಗ ಎಂಬುದನ್ನು ಹೇಳುವುದು ಪ್ರತ್ಯೇಕವಾದ ಒಂದು ಸಣ್ಣ ಕಡತ. ಇಬ್ಬರು ಎಂಜಿನಿಯರುಗಳ ಕಡತ ಬೇರೆ ಬೇರೆಯಾಗಿದ್ದರೆ ಅದೇ ನಕ್ಷೆ ಇಬ್ಬರ ಮುಂದೆ ಬೇರೆ ಬೇರೆಯಾಗಿ ತೆರೆದುಕೊಳ್ಳುತ್ತದೆ. ವೆರಿಲಾಗ್ ಭಾಷೆಯು 2001ರ ಪರಿಷ್ಕರಣೆಯಲ್ಲಿ ಇದಕ್ಕೆಂದೇ ಒಂದು ಸಂರಚನಾ ವಿಧಾನವನ್ನು ಸೇರಿಸಿತು: ಒಟ್ಟು ವಿನ್ಯಾಸಕ್ಕೆ ಲೈಬ್ರರಿಗಳ ಕ್ರಮವನ್ನು ನಮೂದಿಸಿ, ಶ್ರೇಣಿಯ ಇಂತಹ ಶಾಖೆಗೆ ಮಾತ್ರ ಇಂತಹ ಲೈಬ್ರರಿ ಎಂದು ವಿಧಿಸಬಹುದು. ಇಷ್ಟು ಒಳ್ಳೆಯ ಸೌಲಭ್ಯವಿದ್ದೂ ಆಜ್ಞಾಸಾಲಿನಲ್ಲಿ ಕಡತಗಳನ್ನು ಒಂದರ ಹಿಂದೊಂದು ಪೇರಿಸಿ ದೇವರ ಮೇಲೆ ಭಾರ ಹಾಕುವ ರೂಢಿ ಏಕೆ ಹೋಗಿಲ್ಲವೋ ತಿಳಿಯದು.

ಎಲ್ಲಕ್ಕಿಂತ ಸಡಿಲವಾದದ್ದು ಕಾರ್ಖಾನೆಗೆ ನಕ್ಷೆ ಒಯ್ಯುವ ಜಿಡಿಎಸ್ ಕಡತ. ಕ್ಯಾಲ್ಮಾ ಸಂಸ್ಥೆಯು 1970ರ ದಶಕದಲ್ಲಿ ರೂಪಿಸಿದ ಈ ಮಾದರಿಯಲ್ಲಿ ಒಂದು ಸೆಲ್ ಇನ್ನೊಂದನ್ನು ಕರೆಯುವುದು ಬರಿಯ ಹೆಸರಿನಿಂದ. ಎರಡು ಮೂಲಗಳ ಕಡತಗಳನ್ನು ಕೂಡಿಸುವಾಗ ಒಂದೇ ಹೆಸರು ಎರಡು ಕಡೆ ಇದ್ದರೆ, ಬಳಸುವ ಸಾಧನಕ್ಕೂ ಅದಕ್ಕೆ ಕೊಟ್ಟ ಸೂಚನೆಗೂ ತಕ್ಕಂತೆ ಮೊದಲನೆಯದು ಉಳಿಯಬಹುದು, ಎರಡನೆಯದು ಅದನ್ನು ಅಳಿಸಬಹುದು, ಇಲ್ಲವೇ ಒಂದಕ್ಕೆ ಹೊಸ ಹೆಸರು ಬೀಳಬಹುದು.

ಪರಿಶೀಲನೆಯಲ್ಲಿ ತಪ್ಪು ಸಿಕ್ಕೇ ಸಿಗುತ್ತದಲ್ಲ ಎನ್ನುವವರಿದ್ದಾರೆ. ಗೂಗಲ್ ಮತ್ತು ಸ್ಕೈವಾಟರ್ ಸಂಸ್ಥೆಗಳು 2020ರಲ್ಲಿ ಬಹಿರಂಗಪಡಿಸಿದ 130 ನ್ಯಾನೋಮೀಟರ್ ಲೈಬ್ರರಿಗಳನ್ನು ಅವರು ನೋಡಬೇಕು. ಅಲ್ಲಿ ಅಧಿಕ ಸಾಂದ್ರತೆಯ ಸೆಲ್‌ಗಳ ಎತ್ತರ 2.72 ಮೈಕ್ರಾನ್. ಅಧಿಕ, ಮಧ್ಯಮ, ಕಡಿಮೆ ವೇಗದ ಮೂರು ಲೈಬ್ರರಿಗಳ ಎತ್ತರ 3.33 ಮೈಕ್ರಾನ್. ಮೊದಲನೆಯದರ ಸಾಲಿನಲ್ಲಿ ಎರಡನೆಯ ಗುಂಪಿನದನ್ನು ಕೂರಿಸಿದರೆ ಕಣ್ಣಿಗೇ ಕಾಣುತ್ತದೆ. ಆದರೆ ವೇಗದ ಮೂರು ಲೈಬ್ರರಿಗಳು ಒಂದರ ಜಾಗದಲ್ಲಿ ಒಂದು ಕೂರುವಂತೆಯೇ ರಚಿತವಾದವು. ವ್ಯತ್ಯಾಸವಿರುವುದು ವೇಗ ಮತ್ತು ಸೋರಿಕೆ ವಿದ್ಯುತ್ತಿನಲ್ಲಿ. ಅವುಗಳನ್ನು ರಚಿಸಿದವರು ಪ್ರತಿ ಸೆಲ್‌ನ ಹೆಸರಿಗೂ ಲೈಬ್ರರಿಯ ಹೆಸರನ್ನು ಮುಂದೆ ಸೇರಿಸಿ ಗೊಂದಲ ತಪ್ಪಿಸಿದ್ದಾರೆ. ಅಷ್ಟು ಶಿಸ್ತಿಲ್ಲದ ಲೈಬ್ರರಿಯಲ್ಲಿ ಅದಲುಬದಲಾದರೆ ಅಳತೆಯ ಪರೀಕ್ಷೆ ಚಕಾರವೆತ್ತುವುದಿಲ್ಲ. ನಕ್ಷೆಯನ್ನೂ ಮಂಡಲಚಿತ್ರವನ್ನೂ ಹೋಲಿಸುವ ಪರೀಕ್ಷೆಯಾದರೂ ಹಿಡಿಯುವುದೇ? ಎರಡೂ ಅದೇ ತಪ್ಪು ಲೈಬ್ರರಿಯಿಂದ ಬಂದಿದ್ದರೆ ಅವು ಪರಸ್ಪರ ತಾಳೆಯಾಗುತ್ತವೆ, ಪರೀಕ್ಷೆ ಉತ್ತೀರ್ಣವೆನ್ನುತ್ತದೆ. ಇನ್ನು ನಕ್ಷೆ ಹೊಸ ಆವೃತ್ತಿಯದು, ಕಾಲಗಣನೆಯ ಕಡತ ಹಳೆಯದು ಎಂದಾದರೆ ಎರಡನ್ನೂ ಒಟ್ಟಿಗೆ ನೋಡುವ ಹೊಣೆ ಯಾವ ಒಂದು ಸಾಧನದ ಮೇಲೂ ಇಲ್ಲ.

ಸಣ್ಣ ಘಟಕಗಳಿಗೆ ನಿಜವಾದ ಅಪಾಯವಿರುವುದು ಹಸ್ತಾಂತರದಲ್ಲಿ. ಗೋಪ್ಯತೆಯ ಕಾರಣದಿಂದ ಗ್ರಾಹಕ ಸಂಸ್ಥೆಗಳು ಅನೇಕ ವೇಳೆ ಸೆಲ್‌ನ ಒಳಭಾಗವನ್ನು ಕೊಡದೆ ಹೊರ ಚೌಕಟ್ಟು ಮತ್ತು ಸಂಪರ್ಕ ಬಿಂದುಗಳನ್ನಷ್ಟೇ ಕೊಡುತ್ತವೆ. ನಮ್ಮವರು ಖಾಲಿ ಚೌಕಟ್ಟುಗಳನ್ನು ಜೋಡಿಸಿ ಒಪ್ಪಿಸುತ್ತಾರೆ. ಅವುಗಳೊಳಗೆ ನಿಜವಾದ ಸೆಲ್ ತುಂಬುವ ಕೆಲಸ ಗ್ರಾಹಕರ ಅಥವಾ ಕಾರ್ಖಾನೆಯ ಅಂಗಳದಲ್ಲಿ, ಹೆಸರಿನ ಆಧಾರದ ಮೇಲೆಯೇ ನಡೆಯುತ್ತದೆ. ಅಷ್ಟರಲ್ಲಿ ಲೈಬ್ರರಿಯ ಆವೃತ್ತಿ ಬದಲಾಗಿದ್ದರೆ ದೋಷ ಹೊರಬೀಳುವುದು ತಿಂಗಳುಗಳ ನಂತರ, ಮುಖಪರದೆಗಳ ವೆಚ್ಚವೆಲ್ಲ ಆದ ಮೇಲೆ. ಆಗ ಬೆರಳು ಯಾರ ಕಡೆಗೆ ತಿರುಗುವುದೆಂಬುದನ್ನು ವ್ಯಾಪಾರಸ್ಥರಿಗೆ ವಿವರಿಸಬೇಕಿಲ್ಲ. ಕೊನೆಯ ಕಂತು ನಿಂತುಹೋಗುತ್ತದೆ. ತನ್ನ ತಪ್ಪಿಲ್ಲವೆಂದು ತೋರಿಸಲು ಸಣ್ಣ ಘಟಕದ ಕೈಯಲ್ಲಿ ದಾಖಲೆ ಇರುವುದಿಲ್ಲ.

ಆದುದರಿಂದ ಕಾರ್ಯಾದೇಶಕ್ಕೆ ಒಂದು ಅನುಬಂಧ ಅವಶ್ಯ. ಬಳಸತಕ್ಕ ಲೈಬ್ರರಿಗಳ ಹೆಸರು, ಆವೃತ್ತಿ, ಪ್ರತಿ ಕಡತದ ತಾಳೆಸಂಖ್ಯೆ, ಶ್ರೇಣಿಯ ಯಾವ ಶಾಖೆಗೆ ಯಾವುದು, ಹೆಸರು ಘರ್ಷಿಸಿದರೆ ಯಾವುದು ಉಳಿಯಬೇಕು, ಇಷ್ಟು ಅದರಲ್ಲಿರಲಿ. ಲೈಬ್ರರಿಯನ್ನು ಬದಲಿಸಿದವರು ಲಿಖಿತವಾಗಿ ತಿಳಿಸತಕ್ಕದ್ದು, ತಿಳಿಸದೆ ಬದಲಿಸಿದರೆ ಮರುಪರಿಶೀಲನೆಯ ವೆಚ್ಚ ಅವರದೇ ಎಂಬ ಷರತ್ತೂ ಇರಲಿ. ದೊಡ್ಡ ಗ್ರಾಹಕರು ಒಪ್ಪಲಾರರೆಂಬ ಅಳುಕು ಸಹಜವಾದರೂ ಬಲವಾದ ಆಧಾರವುಳ್ಳದ್ದಲ್ಲ. ತಾಳೆಸಂಖ್ಯೆಯಿಂದ ಸೆಲ್‌ನ ಒಳಗುಟ್ಟು ಬಯಲಾಗುವುದಿಲ್ಲ. ಒಬ್ಬೊಬ್ಬರೇ ಕೇಳಿದರೆ ಕಡೆಗಣಿಸಬಹುದಾದ ಈ ಬೇಡಿಕೆಯನ್ನು ವಾಣಿಜ್ಯ ಮಂಡಳಿಯು ಮಾದರಿ ಕರಾರಿನ ರೂಪದಲ್ಲಿ ಮುಂದಿಟ್ಟರೆ ಅದಕ್ಕೆ ತೂಕ ಬರುತ್ತದೆ. ಕರಡನ್ನು ಸಿದ್ಧಪಡಿಸಲು ಒಬ್ಬ ವಕೀಲರು, ಇಬ್ಬರು ವಿನ್ಯಾಸ ಎಂಜಿನಿಯರುಗಳು ಒಂದು ವಾರ ಕುಳಿತರೆ ಸಾಕು.