ಗುಡ್ಡಕ್ಕೆ ಮಣ್ಣು ಮರಳಲಿ: ಸಂಡೂರು ಸೀಮೆಯ ಜನರ ಪ್ರಣಾಳಿಕೆ

ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳಿಂದ ಕಬ್ಬಿಣದ ಅದಿರು ಹೋದದ್ದಕ್ಕೆ ಲೆಕ್ಕವಿದೆ. ಎಷ್ಟು ಅಗೆದರು, ಯಾವ ಬಂದರಿಗೆ ಸಾಗಿಸಿದರು, ಎಷ್ಟು ಕದ್ದರು ಎಂಬುದನ್ನು ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿಗಳು ನಾಡಿನ ಮುಂದಿಟ್ಟಿವೆ. ಆ ಅದಿರಿನ ಮೇಲೆ ಹರಡಿದ್ದ ಮಣ್ಣು ಏನಾಯಿತೆಂದು ಕೇಳಿದವರು ಕಡಿಮೆ. ಅದನ್ನು ಕೇಳಲು, ಕೇಳಿ ಸುಮ್ಮನಾಗದೆ ಆ ಮಣ್ಣನ್ನು ಮತ್ತೆ ಕಟ್ಟಲು ನಾವು ಸೇರಿದ್ದೇವೆ. ನಮ್ಮಲ್ಲಿ ಮಸಾರಿ ಹೊಲದ ರೈತರಿದ್ದಾರೆ, ಕುರಿ ಕಾಯುವವರಿದ್ದಾರೆ, ಮೇಷ್ಟರುಗಳಿದ್ದಾರೆ, ಅದಿರಿನ ಲಾರಿ ಓಡಿಸಿದವರಿದ್ದಾರೆ, ಸುತ್ತಿಗೆ ಹಿಡಿದು ಅದಿರು ಒಡೆದ ಹೆಣ್ಣುಮಕ್ಕಳಿದ್ದಾರೆ.

ಒಂದಿಂಚು ಮೇಲ್ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ಗುಡ್ಡದ ಮೇಲೆ ಅದು ತೆಳುವಾಗಿಯೇ ಇರುತ್ತದೆ. ಆ ತೆಳು ಪದರದಲ್ಲೇ ಹುಲ್ಲಿನ ಬೀಜ, ಗೆದ್ದಲು, ಎರೆಹುಳು, ಬೇರಿಗೆ ಅಂಟಿಕೊಂಡು ಗಿಡಕ್ಕೆ ರಂಜಕ ಒದಗಿಸುವ ಶಿಲೀಂಧ್ರ ಎಲ್ಲವೂ ಬದುಕುತ್ತವೆ. ಗಣಿ ತೆರೆಯುವ ದಿನ ಯಂತ್ರ ಮೊದಲು ಕೆರೆದು ಹಾಕುವುದು ಇದನ್ನೇ. ಮೇಲ್ಮಣ್ಣನ್ನು ಬೇರೆಯಾಗಿ ತೆಗೆಯಬೇಕು, ಗಣಿ ಮುಚ್ಚುವಾಗ ಅದನ್ನೇ ಮೇಲೆ ಹರಡಬೇಕು ಎಂದು ನಿಯಮ ಹೇಳುತ್ತದೆ. ಆದರೆ ಎಷ್ಟೋ ಕಡೆ ಅದು ಕೆಳಗಿನ ಕಲ್ಲುಮಣ್ಣಿನ ಜೊತೆ ಬೆರೆತು ಇಳಿಜಾರಿನ ಡಂಪಿಗೆ, ಅಂದರೆ ಗಣಿಯ ಕಸದ ರಾಶಿಗೆ, ಸೇರಿತು. ಬೇರೆಯಾಗಿ ಒಟ್ಟಿದ ಕಡೆಯೂ ಎತ್ತರದ ರಾಶಿಯ ಒಡಲಿಗೆ ಗಾಳಿಯಾಡದೆ ಅದರ ಜೀವ ಹೋಯಿತು.

ಡಂಪಿನ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಕೊರೆಯುತ್ತದೆ. ಕೆಂಪು ನೀರು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ, ಕೆರೆಯ ಕೆಳಗಿನ ಹೊಲಕ್ಕೆ ನುಗ್ಗುತ್ತದೆ. ಒಣಗಿದ ಮೇಲೆ ಅದಿರಿನ ಪುಡಿ ಹೆಪ್ಪುಗಟ್ಟಿ ಬೀಜ ಮೊಳೆಯಲು ಬಿಡುವುದಿಲ್ಲ. ಸಂಡೂರಿನ ನಾರಿಹಳ್ಳವನ್ನು ಮಳೆಗಾಲದಲ್ಲಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಇಂದು ಹಿಡಿಯುವುದು ಸುಮಾರು 105 ಟಿಎಂಸಿ. ಅಲ್ಲಿ ತುಂಬಿರುವ ಹೂಳೆಲ್ಲ ಗಣಿಯದೆಂದು ನಾವು ಹೇಳುವುದಿಲ್ಲ. ಬೋಳಾದ ಗುಡ್ಡಗಳ ಪಾಲು ಅದರಲ್ಲಿದೆ ಎಂದು ಖಂಡಿತ ಹೇಳುತ್ತೇವೆ.

ಗುಡ್ಡದ ಮಾತು ಎಲ್ಲರೂ ಆಡುತ್ತಾರೆ, ಹೊಲದ ಮಾತು ಹಿಂದೆ ಉಳಿಯುತ್ತದೆ. 2003ರಲ್ಲಿ ರಾಜ್ಯ ಸರ್ಕಾರ 11,620 ಚದರ ಕಿಲೋಮೀಟರ್ ಪ್ರದೇಶವನ್ನು ಸರ್ಕಾರಿ ಸಂಸ್ಥೆಗಳ ಮೀಸಲಿನಿಂದ ಬಿಡಿಸಿ ಖಾಸಗಿ ಗಣಿಗಾರಿಕೆಗೆ ತೆರೆಯಿತು. ಚೀನಾದಲ್ಲಿ ಅದಿರಿನ ಬೆಲೆ ಏರುತ್ತಿದ್ದ ಕಾಲ ಅದು. ಪಟ್ಟಾ ಜಮೀನುಗಳಲ್ಲೂ ಅಗೆತ ಶುರುವಾಯಿತು. ಜೋಳ, ಸಜ್ಜೆ, ಶೇಂಗಾ ಬೆಳೆಯುತ್ತಿದ್ದ ಹೊಲದಲ್ಲಿ ಮೇಲ್ಪದರದ ಅದಿರಿನ ಕಲ್ಲನ್ನು ಹಾರೆ ಗುದ್ದಲಿಯಿಂದ ಎಬ್ಬಿಸಿ, ಒಡೆದು, ಜರಡಿ ಹಿಡಿದು ಲಾರಿಗೆ ತುಂಬಿದರು. ಮಳೆ ಕೈಕೊಟ್ಟ ವರ್ಷಗಳಲ್ಲಿ ಸಾಲ ಹೊತ್ತಿದ್ದ ರೈತ ಹೊಲವನ್ನು ಬಿಟ್ಟುಕೊಟ್ಟಿದ್ದರೆ ಅವನನ್ನು ಗಣಿಗಳ್ಳರ ಸಾಲಿನಲ್ಲಿ ನಿಲ್ಲಿಸುವುದು ಅನ್ಯಾಯ. ಹಣ ಖರ್ಚಾಯಿತು, ಗುಂಡಿ ಉಳಿಯಿತು, ಗುಂಡಿಯ ಸುತ್ತ ಬಳ್ಳಾರಿ ಜಾಲಿ ಬೆಳೆಯಿತು. ಪುನಶ್ಚೇತನದ ಯಾವ ನಕ್ಷೆಯಲ್ಲೂ ಇಂಥ ಹೊಲಗಳು ಬಿಟ್ಟುಹೋಗಬಾರದು. ಸರ್ವೆ ನಂಬರಿನ ಸಮೇತ ಅವನ್ನು ಗುರುತಿಸುವುದು ಈ ಚಳವಳಿಯ ಮೊದಲ ಹೊಣೆ.

ಕಾನೂನು ನಮ್ಮ ಪರ ಇದೆ. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು, ಮರುತಿಂಗಳು ಚಿತ್ರದುರ್ಗ, ತುಮಕೂರುಗಳದ್ದನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಅಕ್ರಮದ ಪ್ರಮಾಣದಂತೆ ಗಣಿಗಳನ್ನು ಎ, ಬಿ, ಸಿ ಎಂದು ಮಾಡಿದ್ದ ವಿಂಗಡಣೆಯನ್ನು ಒಪ್ಪಿ, ಅಕ್ರಮ ಹೆಚ್ಚಿದ್ದ ಸಿ ವರ್ಗದ ಗುತ್ತಿಗೆಗಳನ್ನು ರದ್ದುಮಾಡಿತು. ಮತ್ತೆ ಅಗೆಯಬೇಕಾದವರು ಭೂಮಿಯ ಪುನಶ್ಚೇತನದ ಯೋಜನೆಗೆ ಬದ್ಧರಾಗಬೇಕೆಂದಿತು. 2020ರ ಜನವರಿಯಲ್ಲಿ ಇನ್ನೊಂದು ಮೊಕದ್ದಮೆಯಲ್ಲಿ, ಗಣಿ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸುವುದನ್ನು ಗುತ್ತಿಗೆಯ ಷರತ್ತಾಗಿ ಸೇರಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಮರವನ್ನು ಹೇಳದೆ ಹುಲ್ಲನ್ನು ಹೇಳಿದ ಆ ಆದೇಶದಲ್ಲಿ ಕುರಿಗಾಹಿಯ ವಿವೇಕವಿದೆ.

ಹಣವೂ ಇದೆ. ಹರಾಜಾದ ಅದಿರಿನ ಹಣದ ಪಾಲು ಕೂಡಿಬಂದು ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ ತಯಾರಾಗಿದೆ. ಅದನ್ನು ನಡೆಸಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವಿದೆ, ಮೇಲ್ವಿಚಾರಣೆಗೆ 2022ರಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ನೇಮಿಸಿತು. ಕುಡಿಯುವ ನೀರು, ಆಸ್ಪತ್ರೆ, ಶಾಲೆ, ರಸ್ತೆ ಎಲ್ಲವೂ ಆ ಯೋಜನೆಯಲ್ಲಿವೆ. ಧೂಳು ಕುಡಿದ ಹಳ್ಳಿಗಳಿಗೆ ಅವೆಲ್ಲ ಬೇಕು, ನಾವು ಬೇಡವೆನ್ನುವುದಿಲ್ಲ. ಆದರೆ ರಸ್ತೆಯನ್ನು ಸರ್ಕಾರ ಬೇರೆ ಬಾಬತ್ತಿನಿಂದಲೂ ಮಾಡಬಲ್ಲದು. ಸತ್ತ ಮಣ್ಣಿಗೆ ಇದೊಂದೇ ಹಣ. ಅದರಲ್ಲಿ ಮಣ್ಣಿನ ಪಾಲು ಎಷ್ಟು, ಯಾವ ಊರಿನ ಯಾವ ಡಂಪಿಗೆ ಎಷ್ಟು ಎಂಬುದನ್ನು ಪ್ರತಿ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು.

ಪುನಶ್ಚೇತನವೆಂದರೆ ಗುಂಡಿ ತೋಡಿ ಸಸಿ ನೆಟ್ಟು ಫಲಕ ನಿಲ್ಲಿಸುವುದೆಂದು ನಾವು ಒಪ್ಪುವುದಿಲ್ಲ. ಮೊದಲು ನೀರನ್ನು ಹಿಡಿಯಬೇಕು. ಡಂಪಿನ ಇಳಿಜಾರನ್ನು 28 ಡಿಗ್ರಿಗಿಂತ ಕಡಿಮೆಗೆ ತಗ್ಗಿಸಿ, ಮೆಟ್ಟಿಲು ಕಡಿದು, ಬುಡದಲ್ಲಿ ಕಲ್ಲಿನ ತಡೆಗೋಡೆ ಕಟ್ಟಿ, ಸುತ್ತ ಕಾಲುವೆ ತೆಗೆದು, ಕೊರಕಲುಗಳಿಗೆ ಅಡ್ಡ ಕಲ್ಲು ಜೋಡಿಸಬೇಕು. ಟಿಪ್ಪರುಗಳು ತುಳಿದು ಗಟ್ಟಿಯಾದ ನೆಲವನ್ನು ಆಳವಾಗಿ ಸಡಿಲಿಸಬೇಕು. ತೆಂಗಿನ ನಾರಿನ ಚಾಪೆ ಹಾಸಿ, ಕುರಿಗೊಬ್ಬರ ಬೆರೆಸಿ, ಮೊದಲ ಮಳೆಗೆ ಹುಲ್ಲು ಮತ್ತು ದ್ವಿದಳ ಬೀಜ ಎರಚಬೇಕು. ಕೆರೆಯ ಗೋಡು ತಂದು ಹಾಕಬಹುದು, ಆದರೆ ಈ ಸೀಮೆಯ ಗೋಡಿನಲ್ಲಿ ಅದಿರಿನ ಪುಡಿ ಎಷ್ಟಿದೆಯೆಂದು ಪರೀಕ್ಷಿಸದೆ ಒಂದು ಬುಟ್ಟಿಯನ್ನೂ ಹಾಕಬಾರದು. ಹುಲ್ಲು ನಿಂತ ಮೇಲೆ ಪೊದೆ, ಆಮೇಲೆ ಇದೇ ಗುಡ್ಡದ ಕಮರ, ದಿಂಡಿಗ, ಮುತ್ತುಗ, ಕಕ್ಕೆ, ಸೀತಾಫಲ. ನೀಲಗಿರಿ, ಅಕೇಶಿಯಾಗಳ ಸಾಲನ್ನು ಕಾಡೆಂದು ಲೆಕ್ಕ ಬರೆಯಕೂಡದು.

ಯಶಸ್ಸನ್ನು ಸಸಿಯ ಸಂಖ್ಯೆಯಿಂದ ಅಳೆಯುವುದನ್ನು ನಿಲ್ಲಿಸಿ. ಮಣ್ಣಿನ ಸಾವಯವ ಇಂಗಾಲ ಏರಿತೇ, ಮಳೆ ಎಷ್ಟು ಬೇಗ ಇಂಗುತ್ತದೆ, ಹುಲ್ಲಿನ ಹೊದಿಕೆ ಬೇಸಿಗೆಯಲ್ಲೂ ಉಳಿಯಿತೇ, ಎರೆಹುಳು ಬಂತೇ, ಹಳ್ಳದ ನೀರು ತಿಳಿಯಾಯಿತೇ ಎಂದು ಮಳೆಗಾಲದ ಮೊದಲೂ ನಂತರವೂ ನೋಡಬೇಕು. ಗುತ್ತಿಗೆದಾರನ ಕೊನೆಯ ಬಿಲ್ಲು ಈ ಪರೀಕ್ಷೆ ಮುಗಿಯುವ ತನಕ ಪಾಸಾಗಬಾರದು.

2011ರಲ್ಲಿ ಗಣಿ ನಿಂತಾಗ ಸಾವಿರಾರು ಕೂಲಿಗಳ ಒಲೆ ಆರಿತು. ಗುಡ್ಡ ಒಡೆಯುವ ಕೂಲಿ ಸಿಕ್ಕಿದ್ದ ಅವರಿಗೆ ಗುಡ್ಡ ಕಟ್ಟುವ ಕೂಲಿ ಮೊದಲು ಸಿಗಬೇಕು: ಹಾಜರಿ ಪುಸ್ತಕ, ವಿಮೆ, ಹೆಣ್ಣಿಗೂ ಗಂಡಿಗೂ ಒಂದೇ ಕೂಲಿ. ಹೊರಗಿನ ಯಂತ್ರ ತಂದು ಮೂರು ತಿಂಗಳಲ್ಲಿ ಮುಗಿಸಿ ಹೋಗುವ ಟೆಂಡರುಗಳನ್ನು ನಾವು ವಿರೋಧಿಸುತ್ತೇವೆ.

ಹಳೆಯ ಗಾಯ ಮಾಯುವ ಮೊದಲೇ ಅಗೆತದ ಮಿತಿ ಏರುತ್ತಿದೆ. 2022ರಲ್ಲಿ ಬಳ್ಳಾರಿಗೆ ವರ್ಷಕ್ಕೆ 3.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿಗೆ 1.5 ಕೋಟಿ ಟನ್ ಎಂದಾಯಿತು. ಸಂಡೂರಿನ ದೇವದಾರಿ ಗುಡ್ಡದ 400ಕ್ಕೂ ಹೆಚ್ಚು ಹೆಕ್ಟೇರ್ ಕಾಡಿನ ಮೇಲೂ ಗಣಿಗಾರಿಕೆಯ ಕಣ್ಣು ಬಿದ್ದಿದೆ. ಕೈಬಿಟ್ಟ ಗಣಿಗಳ ಮಣ್ಣು ಜೀವ ಹಿಡಿದದ್ದನ್ನು ಗ್ರಾಮಸಭೆ ಕಣ್ಣಾರೆ ನೋಡಿ ಒಪ್ಪುವವರೆಗೆ ಕಾಡಿನಲ್ಲಿ ಒಂದೂ ಹೊಸ ಗಣಿ ಬೇಡ.

ಗಣಿ ಮಾಲೀಕರಿಂದ, ಅವರ ಸಾರಿಗೆ ಗುತ್ತಿಗೆದಾರರಿಂದ, ರಾಜಕೀಯ ಪಕ್ಷಗಳಿಂದ ಈ ಚಳವಳಿ ಹಣ ಪಡೆಯುವುದಿಲ್ಲ. ಮುಂದಿನ ಮುಂಗಾರಿಗೆ ಮೊದಲು ಪ್ರತಿ ಊರಿನಲ್ಲಿ ಐದು ಜನರ ಮಣ್ಣಿನ ಸಮಿತಿ ಆಗಬೇಕು, ಅದರಲ್ಲಿ ಇಬ್ಬರಾದರೂ ಹೆಣ್ಣುಮಕ್ಕಳಿರಬೇಕು. ಸಮಿತಿ ಊರಿನ ಡಂಪು, ಗುಂಡಿ, ಹಾಳಾದ ಹೊಲಗಳ ಪಟ್ಟಿ ಮಾಡಿ, ಮಣ್ಣಿನ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿ, ಫಲಿತಾಂಶವನ್ನು ಪಂಚಾಯಿತಿ ಕಟ್ಟೆಯ ಗೋಡೆಗೆ ಅಂಟಿಸಬೇಕು. ಅದರ ಒಂದು ಪ್ರತಿ ನಿಗಮಕ್ಕೆ, ಒಂದು ಪ್ರತಿ ಸುಪ್ರೀಂ ಕೋರ್ಟಿನ ಮೇಲ್ವಿಚಾರಣಾ ಪ್ರಾಧಿಕಾರಕ್ಕೆ ಹೋಗುತ್ತದೆ.