ಹಿರಿಯತನವೂ ಪಟ್ಟವೂ

ಪಂಪಭಾರತದ ಕೊನೆಯಲ್ಲಿ ಧರ್ಮರಾಯನಿಗೆ ಬದಲಾಗಿ ಅರ್ಜುನನಿಗೆ ಪಟ್ಟಾಭಿಷೇಕವಾಗುವುದನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ: ಕವಿಯು ಆಶ್ರಯದಾತನಾದ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ್ದರಿಂದ ಹೀಗೆ ಮಾಡಿದನು. ಉತ್ತರ ತಪ್ಪಲ್ಲ, ಆದರೆ ಅಂಕಗಳಿಗೆ ಸಾಕಾಗುವ ಉತ್ತರವೆಲ್ಲ ತಿಳಿವಳಿಕೆಗೆ ಸಾಕಾಗದು. ಹಿರಿಯ ಮಗನಿಗೇ ಸಿಂಹಾಸನವೆಂಬುದು ಮಹಾಭಾರತದ ಅಚಲ ನಿಯಮ, ಪಂಪನು ಅದನ್ನು ಮೊದಲು ಮುರಿದವನು ಎಂಬ ನಂಬಿಕೆ ಅದರೊಳಗೆ ಅಡಗಿದೆ. ಮೂಲವನ್ನು ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ.

ಯಯಾತಿಗೆ ಐವರು ಮಕ್ಕಳು. ಹಿರಿಯನಾದ ಯದುವನ್ನು ಬಿಟ್ಟು, ತಂದೆಯ ಮುಪ್ಪನ್ನು ಹೊತ್ತ ಕಿರಿಯ ಪೂರುವಿಗೆ ರಾಜ್ಯ ದೊರೆಯಿತು. ಪ್ರಜೆಗಳು ಆಕ್ಷೇಪಿಸಿದಾಗ ಯಯಾತಿ ಸಮಾಧಾನ ಹೇಳಬೇಕಾಯಿತು. ಭರತನು ತನ್ನ ಒಂಬತ್ತು ಮಕ್ಕಳಲ್ಲಿ ಒಬ್ಬನನ್ನೂ ಯೋಗ್ಯನೆಂದು ಎಣಿಸಲಿಲ್ಲ. ಪ್ರತೀಪನ ಹಿರಿಯ ಮಗ ದೇವಾಪಿ ಧರ್ಮಿಷ್ಠ, ಪ್ರಜೆಗಳಿಗೆ ಅಚ್ಚುಮೆಚ್ಚಿನವನು. ಚರ್ಮರೋಗದ ಕಾರಣಕ್ಕೆ ಅವನ ಅಭಿಷೇಕ ನಿಂತಿತು. ಎರಡನೆಯವನಾದ ಬಾಹ್ಲೀಕ ಸೋದರಮಾವನ ನಾಡನ್ನು ಸೇರಿಕೊಂಡನು. ಪಟ್ಟ ಬಂದದ್ದು ಕಿರಿಯವನಾದ ಶಂತನುವಿಗೆ. ಸ್ವಾರಸ್ಯವೆಂದರೆ, ಉದ್ಯೋಗಪರ್ವದಲ್ಲಿ ಯಯಾತಿ, ದೇವಾಪಿಯರ ಈ ಕಥೆಗಳನ್ನು ದುರ್ಯೋಧನನಿಗೆ ಹೇಳುವವನು ಸಾಕ್ಷಾತ್ ಧೃತರಾಷ್ಟ್ರ. ಹಿರಿಯನಾಗಿ ಹುಟ್ಟಿಯೂ ಕುರುಡುತನದಿಂದ ರಾಜ್ಯ ತಪ್ಪಿಸಿಕೊಂಡವನು, ತನಗೆ ಸಲ್ಲದ್ದು ಮಗನಿಗೆ ಹೇಗೆ ಸಂದೀತೆಂದು ಕೇಳುತ್ತಾನೆ. ಜೀವಮಾನವೆಲ್ಲ ಮಗನ ಆಸೆಗೆ ಮಣಿದವನ ಬಾಯಲ್ಲಿ ಇಷ್ಟು ನಿಚ್ಚಳವಾದ ನ್ಯಾಯ!

ಇಂತಹ ವಂಶದ ಕಥೆಯನ್ನು 941ರಲ್ಲಿ, ಇಂದು ತೆಲಂಗಾಣಕ್ಕೆ ಸೇರಿರುವ ವೇಮುಲವಾಡದ ಅರಸನಿಗಾಗಿ ಬರೆದ ಪಂಪನು ಪಟ್ಟವನ್ನು ತಮ್ಮನಿಗೆ ಕಟ್ಟಿದರೆ ಅದನ್ನು ಬರಿಯ ಮುಖಸ್ತುತಿ ಎನ್ನುವುದು ಅವಸರದ ಮಾತು. ಮುಂದೆ ರನ್ನನೂ ಭೀಮನಿಗೆ ಪಟ್ಟ ಕಟ್ಟಿದನು. ವ್ಯಾಸಭಾರತದಲ್ಲಿಯೂ ಯುದ್ಧ ಮುಗಿದು 36 ವರ್ಷಗಳ ಬಳಿಕ ಹಸ್ತಿನಾವತಿ ಸೇರುವುದು ಅರ್ಜುನ ಸುಭದ್ರೆಯರ ಮೊಮ್ಮಗನಾದ ಪರೀಕ್ಷಿತನಿಗೆ. ದ್ರೌಪದಿಯ ಐವರು ಮಕ್ಕಳು ಅಶ್ವತ್ಥಾಮನ ರಾತ್ರಿಯ ದಾಳಿಯಲ್ಲಿಯೇ ಮಡಿದಿದ್ದರು. ವಂಶವು ಕಟ್ಟಕಡೆಗೆ ತಲುಪಿದ ಮನೆಗೆ ಪಂಪನು ಪಟ್ಟವನ್ನು ಸ್ವಲ್ಪ ಮೊದಲೇ ತಲುಪಿಸಿದನು, ಅಷ್ಟೇ.

ಪಂಪನನ್ನು ಪ್ರಶ್ನಿಸಬೇಕಾದ ಎಡೆ ಬೇರೆಯಿದೆ. ಅವನ ಕಾವ್ಯದಲ್ಲಿ ದ್ರೌಪದಿ ಐವರ ಮಡದಿಯಲ್ಲ, ಅರ್ಜುನನೊಬ್ಬನ ಮಡದಿ. ಆದುದರಿಂದ ಅರ್ಜುನನು ಸಿಂಹಾಸನವೇರಿದಾಗ ಪಕ್ಕದ ಪೀಠ ಅವಳಿಗೆ ಸಲ್ಲಬೇಕಿತ್ತು. ಕುಳಿತವಳು ಸುಭದ್ರೆ. ವ್ಯಾಸನಲ್ಲಿ ದ್ರೌಪದಿಯ ಸಂತತಿಯನ್ನು ಕೊಂದದ್ದು ಅಶ್ವತ್ಥಾಮನ ಖಡ್ಗ. ಇಲ್ಲಿ ಅವಳನ್ನು ಪೀಠದಿಂದ ದೂರವಿಟ್ಟದ್ದು ಕವಿಯ ಕಂಠ. ಯಾರ ಮುಡಿಗಾಗಿ ಕುರುಕ್ಷೇತ್ರ ನಡೆಯಿತೋ ಅವಳು ಆ ಮಂಗಳದ ದಿನ ಸಭೆಯಲ್ಲಿ ಎಲ್ಲಿ ನಿಂತಿದ್ದಳು? ಮುಂದಿನ ವಿಚಾರಗೋಷ್ಠಿಗೆ ಪ್ರಬಂಧ ಬರೆಯುವವರು ಅರಿಕೇಸರಿಯನ್ನು ಬಿಟ್ಟು ಇದನ್ನು ಕೈಗೆತ್ತಿಕೊಳ್ಳಬಹುದು.